ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ: ಮೈಸೂರಿನ ಒಂದು ಡೇ ಕೇರ್ ಕುರಿತು

ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರಗಳ ಬಗ್ಗೆ ಜನ ಬರೆಯುವ ಅಭಿಪ್ರಾಯಗಳಲ್ಲಿ ಗೋಡೆಯ ಬಣ್ಣ, ಆಟಿಕೆಗಳ ರಾಶಿ, ಕ್ಯಾಮೆರಾ ವ್ಯವಸ್ಥೆ, ಎರಡು ವರ್ಷದ ಮಗುವಿಗೆ ಎಷ್ಟು ಪದ್ಯ ಕಲಿಸುತ್ತಾರೆ ಎಂಬಂಥ ವಿಷಯಗಳೇ ಹೆಚ್ಚಾಗಿ ಕಾಣುತ್ತವೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಉದ್ಯೋಗಕ್ಕೆ ಹೋಗುವ ತಾಯಿ ಇಂಥ ಕೇಂದ್ರಕ್ಕೆ ತಿಂಗಳು ತಿಂಗಳು ಹಣ ಕಟ್ಟುವುದು ಮಗುವಿನ ಸುರಕ್ಷತೆಯ ಜೊತೆಗೆ ತನ್ನ ಹೊತ್ತಿಗಾಗಿ. ಆ ಹೊತ್ತು ನಿಜವಾಗಿಯೂ ಸಿಗುತ್ತದೆಯೇ, ದಿನದ ಯಾವ ಭಾಗದಲ್ಲಿ ಸಿಗುತ್ತದೆ, ಯಾವ ದಿನ ಸಿಗದೆ ಹೋಗುತ್ತದೆ ಎಂಬುದನ್ನು ಸೇರುವ ಮೊದಲೇ ತಿಳಿಸುವವರು ವಿರಳ. ಆದ್ದರಿಂದ ಕುವೆಂಪುನಗರದಲ್ಲಿ ನನ್ನ ಮಗಳು ಹೋಗುತ್ತಿರುವ ಡೇ ಕೇರನ್ನು ಇಲ್ಲಿ ಪೂರ್ತಿಯಾಗಿ ಸಮಯದ ಲೆಕ್ಕದಲ್ಲೇ ಪರಿಶೀಲಿಸಿದ್ದೇನೆ. ಒಳ್ಳೆಯದರ ಜೊತೆಗೆ ಕೊರತೆಗಳನ್ನೂ ಬರೆದಿರುವುದರಿಂದ ಮತ್ತು ಅಲ್ಲಿ ದುಡಿಯುವವರ ಬಗ್ಗೆಯೂ ಮಾತು ಬರುವುದರಿಂದ ಕೇಂದ್ರದ ಹೆಸರನ್ನು ಹೇಳುತ್ತಿಲ್ಲ. ಮೈಸೂರಿನ ಇತರ ಬಡಾವಣೆಗಳಲ್ಲೂ ಬೇರೆ ಊರುಗಳಲ್ಲೂ ಇದೇ ಮಾದರಿಯ ಕೇಂದ್ರಗಳಿರುವುದರಿಂದ ನೋಡಬೇಕಾದ ಅಂಶಗಳು ಹೆಚ್ಚುಕಡಿಮೆ ಒಂದೇ.

ನಾನು ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿ. ಪತಿ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯಿಂದಾಗಿ ಮೊದಲ ಎರಡು ಮಕ್ಕಳಿಗೆ 12 ವಾರದ ಬದಲು 26 ವಾರ ವೇತನಸಹಿತ ರಜೆ ಸಿಗುವಂತಾಯಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಅವಕಾಶ ಕೊಡಬೇಕು ಎಂಬ ನಿಯಮವೂ ಅದೇ ತಿದ್ದುಪಡಿಯಲ್ಲಿ ಸೇರಿತು. ದೊಡ್ಡ ಕಾರ್ಖಾನೆ, ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದರ ಫಲ ಕಾಣಬಹುದು. ಹತ್ತು ಹನ್ನೆರಡು ಜನ ಕುಳಿತು ಕೆಲಸ ಮಾಡುವ ಒಂದು ಶಾಖೆಯ ಮಗ್ಗುಲಲ್ಲಿ ತೊಟ್ಟಿಲ ಕೋಣೆಯೊಂದು ಬರುವುದು ದೂರದ ಮಾತು. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ಯನ್ನು ಘೋಷಿಸಿತು, ಅದು ಬಹಳ ಅಗತ್ಯವಾಗಿದ್ದ ಯೋಜನೆ. ನಗರದ ಅಂಗನವಾಡಿಯಾದರೋ ಸಂಜೆ ನಾಲ್ಕರ ಹೊತ್ತಿಗೆ ಬಾಗಿಲು ಹಾಕುತ್ತದೆ. ನಾಲ್ಕಕ್ಕೆ ನಮ್ಮಲ್ಲಿ ಗ್ರಾಹಕರ ವೇಳೆ ಮುಗಿದು, ನಗದು ತಾಳೆ ನೋಡುವ ಕೆಲಸ ಆಗಷ್ಟೇ ಶುರುವಾಗಿರುತ್ತದೆ. ಹೀಗಾಗಿ ನಮ್ಮಂಥವರಿಗೆ ಉಳಿಯುವುದು ಒಂದೋ ಮನೆಯ ಹಿರಿಯರು, ಇಲ್ಲವೇ ಖಾಸಗಿ ಡೇ ಕೇರ್.

ಕೇಂದ್ರವಿರುವುದು ಹಳೆಯ ಕಾಲದ ಒಂದು ಸ್ವಂತ ಮನೆಯ ನೆಲಮಹಡಿಯಲ್ಲಿ. ಮುಂದೆ ಸಣ್ಣ ಅಂಗಳ, ಒಂದು ಸೀಬೆ ಮರ, ಕಾಂಪೌಂಡಿಗೆ ಒಳಗಿನಿಂದ ಚಿಲಕ ಹಾಕುವ ಎತ್ತರದ ಗೇಟು. ಒಳಗೆ ದೊಡ್ಡ ಹಜಾರ, ಒಂದು ವರ್ಷದೊಳಗಿನ ಕೂಸುಗಳಿಗೆ ಪ್ರತ್ಯೇಕ ಕೋಣೆ, ಮಲಗಿಸುವ ಕೋಣೆ, ಅಡುಗೆಮನೆ. ಏಳು ತಿಂಗಳ ಮಗುವಿನಿಂದ ಹಿಡಿದು ಶಾಲೆ ಮುಗಿಸಿ ಸಂಜೆ ಬರುವ ಎರಡನೆಯ ತರಗತಿಯ ಮಕ್ಕಳವರೆಗೆ ಸೇರಿಸಿಕೊಳ್ಳುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 8ರಿಂದ ಸಂಜೆ 7, ಶನಿವಾರ ಮಧ್ಯಾಹ್ನ 2ರವರೆಗೆ. ಪೂರ್ತಿ ದಿನಕ್ಕೆ ತಿಂಗಳಿಗೆ 6,500 ರೂಪಾಯಿ. ಊಟ ತಿಂಡಿ ಅವರದೇ ಬೇಕೆಂದರೆ ಇನ್ನೂ 1,200. ಬೆಂಗಳೂರಿನಲ್ಲಿರುವ ಗೆಳತಿಯರು ಕೊಡುವುದಕ್ಕೆ ಹೋಲಿಸಿದರೆ ಕಡಿಮೆ, ಮೈಸೂರಿನ ಮಟ್ಟಿಗೆ ಮಧ್ಯಮ.

ಬೆಳಗಿನ ಎಂಟು ಗಂಟೆ ಎಂಬುದನ್ನು ಈ ಕೇಂದ್ರದವರು ಅಕ್ಷರಶಃ ಪಾಲಿಸುತ್ತಾರೆ. ಎಂಟಕ್ಕೆ ಐದು ಹತ್ತು ನಿಮಿಷ ಮುಂಚೆಯೇ ಗೇಟು ತೆರೆದಿರುತ್ತದೆ, ಅಂಗಳ ಗುಡಿಸಿ ನೀರು ಹಾಕಿರುತ್ತದೆ, ಮಗುವನ್ನು ಎತ್ತಿಕೊಳ್ಳಲು ಒಬ್ಬರು ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ನಾವು ಮೊದಲು ನೋಡಿದ್ದ ಮತ್ತೊಂದು ಕಡೆ ಎಂಟು ಎಂದು ಬೋರ್ಡು ಹಾಕಿ, ಆಯಾ ಬರುವುದು ಎಂಟೂಮುಕ್ಕಾಲಿಗೆ ಎಂದು ನೆರೆಯವರು ಹೇಳಿದ್ದರು. ಎಂಟೂವರೆಗೆ ಕಾರ್ಖಾನೆಯ ಗೇಟಿನಲ್ಲಿ ಪಂಚಿಂಗ್ ಮಾಡಬೇಕಾದ ತಂದೆಗೆ ಆ ಮುಕ್ಕಾಲು ಗಂಟೆ ಇಡೀ ವ್ಯವಸ್ಥೆಯನ್ನೇ ಬುಡಮೇಲು ಮಾಡಿಬಿಡುತ್ತದೆ. ಕೇಂದ್ರದವರು ಹೊತ್ತಿಗೆ ಸರಿಯಾಗಿ ಗೇಟು ತೆರೆಯುವುದರಿಂದಲೇ ನಮ್ಮ ಮನೆಯಲ್ಲಿ ಬೆಳಿಗ್ಗೆ ಮಗಳನ್ನು ಬಿಡುವ ಕೆಲಸ ಪತಿಯದಾಗಿ, ಸಂಜೆ ಕರೆತರುವುದು ನನ್ನದಾಗಿ ಹಂಚಿಕೆಯಾಗಲು ಸಾಧ್ಯವಾಯಿತು. ಅವರಿಬ್ಬರೂ ಹೊರಟ ಮೇಲೆ ನಾನು ಒಂಬತ್ತೂಕಾಲಿಗೆ ಮನೆ ಬಿಡುವವರೆಗೆ ಸಿಗುವ ಒಂದು ಗಂಟೆ ಇಡೀ ದಿನದಲ್ಲಿ ನನಗೆ ಅತ್ಯಂತ ಬೆಲೆಬಾಳುವ ಹೊತ್ತು. ಸ್ನಾನ, ಡಬ್ಬಿ, ರಾತ್ರಿಯ ಅಡುಗೆಗೆ ಬೇಕಾದ ಹೆಚ್ಚುವ ಕೆಲಸ, ಕೆಲವೊಮ್ಮೆ ಒಂದು ಲೋಟ ಕಾಫಿಯನ್ನು ಕುಳಿತು ಕುಡಿಯುವುದು, ಎಲ್ಲವೂ ಆ ಒಂದು ಗಂಟೆಯಲ್ಲಿ ಆಗುತ್ತವೆ. ಈ ಶುಲ್ಕದಲ್ಲಿ ನಾನು ಕೊಂಡಿರುವುದು ಮುಖ್ಯವಾಗಿ ಆ ಬೆಳಗಿನ ಹೊತ್ತನ್ನು ಎಂದೇ ನನಗೆ ಅನಿಸುತ್ತದೆ.

ಸಂಜೆಯ ಗಡಿ ಇದಕ್ಕಿಂತ ಕಷ್ಟದ್ದು. ಬ್ಯಾಂಕಿನಲ್ಲಿ ದಿನದ ಕೊನೆಯ ಲೆಕ್ಕ ಒಂದು ರೂಪಾಯಿ ತಾಳೆಯಾಗದಿದ್ದರೂ ಯಾರೂ ಎದ್ದು ಹೋಗುವಂತಿಲ್ಲ. ಸಾಮಾನ್ಯ ದಿನಗಳಲ್ಲಿ ಆರೂಕಾಲಿಗೆ ಹೊರಟು ಆರೂಮುಕ್ಕಾಲಿಗೆ ಕೇಂದ್ರ ತಲುಪುತ್ತೇನೆ. ತಿಂಗಳ ಮೊದಲ ವಾರ, ಸೆಪ್ಟೆಂಬರ್ ಕೊನೆ, ಮಾರ್ಚ್ ಕೊನೆಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಈ ಕೇಂದ್ರದಲ್ಲಿ ಏಳರ ನಂತರ ಹದಿನೈದು ನಿಮಿಷ ವಿನಾಯಿತಿ, ಆಮೇಲೆ ಪ್ರತಿ ಅರ್ಧ ಗಂಟೆಗೆ 100 ರೂಪಾಯಿ. ಮಾರ್ಚ್ 31ರಂಥ ದಿನಕ್ಕೆ ಮುಂಚಿತವಾಗಿ ತಿಳಿಸಿದರೆ ರಾತ್ರಿ 9ರವರೆಗೆ ಇಟ್ಟುಕೊಂಡು, ಊಟವನ್ನೂ ಮಾಡಿಸಿ, 300 ರೂಪಾಯಿ ತೆಗೆದುಕೊಳ್ಳುತ್ತಾರೆ. ತಡಕ್ಕೆ ದರ ಗೊತ್ತುಮಾಡಿರುವುದನ್ನು ಕೆಲವು ಪಾಲಕರು ದುರಾಸೆ ಎನ್ನುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ದರ ಇಲ್ಲದ ಕಡೆ ತಾಯಿ ಮುಖ ಸಣ್ಣದು ಮಾಡಿಕೊಂಡು ಕ್ಷಮೆ ಕೇಳುತ್ತಾ ನಿಲ್ಲಬೇಕಾಗುತ್ತದೆ, ಕಾದು ಕುಳಿತವರಿಗೆ ಮಾತ್ರ ಕಾಸೂ ಸಿಗುವುದಿಲ್ಲ. ಇಲ್ಲಿ ಆ ಹಣ ಅಂದು ಉಳಿದುಕೊಂಡ ಸಹಾಯಕಿಗೇ ಹೋಗುತ್ತದೆ ಎಂದು ಕೇಂದ್ರ ನಡೆಸುವ ಮೇಡಂ ಸೇರಿಸಿಕೊಳ್ಳುವಾಗಲೇ ಹೇಳಿದ್ದರು, ಸಹಾಯಕಿಯರನ್ನು ಕೇಳಿ ನಾನು ಖಚಿತಪಡಿಸಿಕೊಂಡಿದ್ದೇನೆ. ಹೀಗೆ ಸ್ಪಷ್ಟವಾಗಿ ಬರೆದಿಟ್ಟ ನಿಯಮವಿದ್ದರೆ ಕೌಂಟರಿನಲ್ಲಿ ಕುಳಿತಾಗ ಗಡಿಯಾರ ನೋಡುವ ತಳಮಳ ಬಹಳಷ್ಟು ಕಡಿಮೆಯಾಗುತ್ತದೆ.

ಈ ಕೇಂದ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವಸ್ತು 200 ಪುಟದ ಒಂದು ಸಾದಾ ನೋಟುಪುಸ್ತಕ. ಪ್ರತಿ ಮಗುವಿಗೂ ಒಂದೊಂದು; ಮೇಲೆ ಕಂದು ಕಾಗದದ ಹೊದಿಕೆ, ಹೆಸರಿನ ಚೀಟಿ. ಮಗು ಗೇಟಿನೊಳಗೆ ಬಂದ ಹೊತ್ತಿನಿಂದ ಹೊರಡುವ ಹೊತ್ತಿನವರೆಗೆ ನಡೆದದ್ದನ್ನು ವೇಳೆಯ ಸಮೇತ ಅದರಲ್ಲಿ ಬರೆಯುತ್ತಾರೆ. ‘9.10: ಅರ್ಧ ಇಡ್ಲಿ ತಿಂದಳು. 10.30: ಒಂದು. 11.40: ನಿದ್ದೆ. 1.05: ಎದ್ದಳು. 1.20: ಅನ್ನ ತೊವ್ವೆ ಪೂರ್ತಿ, ಕ್ಯಾರೆಟ್ ಪಲ್ಯ ಬಿಟ್ಟಳು. 3.45: ಬಿದ್ದು ಮೊಣಕಾಲು ತರಚಿದೆ, ತೊಳೆದು ಮುಲಾಮು ಹಚ್ಚಿದೆ.’ ಬರೆಯುವ ಸಹಾಯಕಿಯ ಕೈಬರಹ ದುಂಡಗಿದೆ, ನೀಲಿ ಪೆನ್ನಿನಲ್ಲಿ ಊಟ ತಿಂಡಿ, ಕೆಂಪು ಪೆನ್ನಿನಲ್ಲಿ ಔಷಧಿ ಮತ್ತು ಪೆಟ್ಟು. ‘10.30: ಒಂದು’ ಎಂದರೆ ಏನೆಂದು ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಪುಸ್ತಕ ನನ್ನ ಸಂಜೆಯನ್ನು ನಿರ್ಧರಿಸುತ್ತದೆ. ಸ್ಕೂಟರ್ ಹತ್ತುವ ಮೊದಲು ಗೇಟಿನ ದೀಪದ ಕೆಳಗೆ ನಿಂತು ಓದಿಬಿಡುತ್ತೇನೆ. ಮಧ್ಯಾಹ್ನ ಊಟ ಬಿಟ್ಟಿದ್ದರೆ ದಾರಿಯಲ್ಲಿ ತರಕಾರಿ ಅಂಗಡಿಗೆ ನಿಲ್ಲಿಸುವ ಹಾಗಿಲ್ಲ, ನೇರ ಮನೆಗೆ ಹೋಗಿ ತಟ್ಟೆ ಹಾಕಬೇಕು. ನಿದ್ದೆ ಕಡಿಮೆಯಾಗಿದ್ದರೆ ಎಂಟಕ್ಕೇ ರಚ್ಚೆ ಹಿಡಿಯುತ್ತಾಳೆ. ಅಂದು ಮೊದಲು ಸ್ನಾನ, ಊಟ, ಹಾಸಿಗೆ, ಆಮೇಲೆ ಉಳಿದ ಕೆಲಸ. ಮೊದಲೆಲ್ಲ ಸಂಜೆ ಅಳು ಬಂದಾಗ ಹಸಿವೋ ನಿದ್ದೆಯೋ ಹೊಟ್ಟೆನೋವೋ ಎಂದು ಒಂದೊಂದನ್ನೇ ಪ್ರಯೋಗ ಮಾಡುವುದರಲ್ಲಿ ಒಂದು ಗಂಟೆ ಕಳೆಯುತ್ತಿತ್ತು. ಎರಡೂವರೆ ವರ್ಷವಾದ ಮೇಲೆ ಅವಳು ರಾತ್ರಿ ಹನ್ನೊಂದಾದರೂ ಮಲಗದಿದ್ದಾಗ, ಪುಸ್ತಕದ ಹಿಂದಿನ ಪುಟಗಳನ್ನು ತಿರುವಿ ನೋಡಿ ಮಧ್ಯಾಹ್ನದ ನಿದ್ದೆ ನಾಲ್ಕು ದಾಟುತ್ತಿರುವುದು ಗೊತ್ತಾಯಿತು. ಮೂರಕ್ಕೆ ಎಬ್ಬಿಸಿ ಎಂದು ಕೇಳಿಕೊಂಡೆವು, ಮರುದಿನದಿಂದಲೇ ಎಬ್ಬಿಸಿದರು. ಒಂದು ವಾರದೊಳಗೆ ರಾತ್ರಿ ಒಂಬತ್ತೂವರೆಗೆ ನಿದ್ದೆ ಹತ್ತತೊಡಗಿತು. ದುಬಾರಿ ಕೇಂದ್ರಗಳು ಇದೇ ಕೆಲಸಕ್ಕೆ ಮೊಬೈಲ್ ಆ್ಯಪ್ ಕೊಡುತ್ತವೆ, ಗಂಟೆಗೊಂದು ಫೋಟೋ ಕಳಿಸುತ್ತವೆ. ಕೆಲಸದ ನಡುವೆ ಗಂಟೆಗೊಮ್ಮೆ ಮೊಬೈಲ್ ಮಿಣುಕಿ ಮಗುವಿನ ಮುಖ ಕಂಡರೆ ಮನಸ್ಸು ಅಲ್ಲಿಗೇ ಓಡುತ್ತದೆ. ಹಗಲಿಡೀ ಸುಮ್ಮನಿದ್ದು ಸಂಜೆ ಒಂದೇ ಸಲ ಎಲ್ಲವನ್ನೂ ಹೇಳುವ ಈ ಪುಸ್ತಕವೇ ನನಗೆ ಹೆಚ್ಚು ಹಿತವೆನಿಸಿದೆ.

ಊಟದ ವಿಷಯಕ್ಕೆ ಬಂದರೆ, ಏಳೆಂಟು ತಿಂಗಳ ಕೂಸುಗಳಿಗೆ ರಾಗಿ ಸರಿ, ಚೆನ್ನಾಗಿ ಮಸೆದ ಅನ್ನ ಬೇಳೆ. ದೊಡ್ಡ ಮಕ್ಕಳಿಗೆ ಮೆತ್ತಗಿನ ಅನ್ನ, ತೊವ್ವೆ, ಖಾರವಿಲ್ಲದ ಪಲ್ಯ, ಮೊಸರು. ನಾಲ್ಕಕ್ಕೆ ಬಾಳೆಹಣ್ಣು ಅಥವಾ ಪಪ್ಪಾಯಿ. ಎದೆಹಾಲು ತೆಗೆದು ಕಳಿಸುವ ತಾಯಂದಿರಿಗಾಗಿ ಅಡುಗೆಮನೆಯ ಫ್ರಿಜ್ಜಿನಲ್ಲಿ ಒಂದು ಅರೆಯನ್ನು ಮೀಸಲಿಟ್ಟಿದ್ದಾರೆ. ಬಾಟಲಿಯ ಮೇಲೆ ಹೆಸರು ಮತ್ತು ಹಾಲು ತೆಗೆದ ವೇಳೆ ಬರೆದಿಲ್ಲದಿದ್ದರೆ ತೆಗೆದುಕೊಳ್ಳುವುದೇ ಇಲ್ಲ. ತೆಗೆದ ಹಾಲು ಹೊರಗೆ ಇಟ್ಟರೆ ನಾಲ್ಕು ಗಂಟೆಗಿಂತ ಹೆಚ್ಚು ಉಳಿಸಬಾರದು ಎಂಬುದನ್ನು ತಿಳಿದು ನಡೆದುಕೊಳ್ಳುವವರು ಅಲ್ಲಿರುವುದು ಸಮಾಧಾನದ ಸಂಗತಿ. ಮಗಳಿಗೆ ಒಂದು ವರ್ಷ ತುಂಬುವವರೆಗೆ ನಾನು ಮನೆಯಿಂದಲೇ ಡಬ್ಬಿ ಕಳಿಸುತ್ತಿದ್ದೆ, ಆಮೇಲೆ ಅವರ ಊಟಕ್ಕೇ ಹಾಕಿಸಿದೆ. ಇದರಿಂದ ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಉಳಿಯಿತು. 1,200 ರೂಪಾಯಿಗೆ ಇದಕ್ಕಿಂತ ಒಳ್ಳೆಯ ವಿನಿಯೋಗವಿಲ್ಲ. ತಾಯಿಯ ಕೈಯಡುಗೆಯನ್ನೇ ಮಗು ಮೂರೂ ಹೊತ್ತು ಉಣ್ಣಬೇಕೆಂಬ ಒತ್ತಾಯ ನನ್ನ ಅತ್ತೆಯವರಿಂದಲೂ ಬರಲಿಲ್ಲ. ಒಂದು ದಿನ ಮಧ್ಯಾಹ್ನ ಹೋಗಿ ಅಲ್ಲಿಯ ಅಡುಗೆಮನೆಯನ್ನು ನೋಡಿ ಬಂದು, ಅವರೇ ಹಾಕಿಸು ಎಂದರು.

ಒಂದು ದೂರು ಮಾತ್ರ ಇನ್ನೂ ಬಗೆಹರಿದಿಲ್ಲ. ಸಂಜೆ ಐದೂವರೆಗೆ ಎಲ್ಲ ಮಕ್ಕಳಿಗೂ ಸಿಹಿ ಬಿಸ್ಕತ್ತು ಕೊಡುತ್ತಾರೆ. ಆ ಹೊತ್ತಿಗೆ ಮಕ್ಕಳು ಒಬ್ಬೊಬ್ಬರಾಗಿ ಮನೆಗೆ ಹೋಗತೊಡಗುವುದರಿಂದ ಉಳಿದವರು ಅಳುತ್ತಾರೆ, ಬಿಸ್ಕತ್ತು ಸಮಾಧಾನ ಮಾಡುವ ಸುಲಭದ ದಾರಿ. ಆದರೆ ಐದೂವರೆಗೆ ನಾಲ್ಕು ಬಿಸ್ಕತ್ತು ತಿಂದ ಮಗು ಏಳೂವರೆಗೆ ಊಟಕ್ಕೆ ಕೂರುವುದಿಲ್ಲ. ಊಟ ಒಂಬತ್ತಕ್ಕೆ ಹೋಗುತ್ತದೆ, ನಿದ್ದೆ ಹತ್ತೂವರೆಗೆ ಹೋಗುತ್ತದೆ, ಅಲ್ಲಿಗೆ ನನ್ನ ರಾತ್ರಿಯ ಒಂದು ಗಂಟೆ ಕರಗಿತು. ಕಡಲೆಪುರಿ, ಹಣ್ಣು ಅಥವಾ ಒಂದು ಸಣ್ಣ ರಾಗಿ ಉಂಡೆ ಕೊಡಿ ಎಂದು ನಾವು ಕೆಲವು ತಾಯಂದಿರು ಸೇರಿ ಕೇಳಿದ್ದೇವೆ. ಕೆಲವು ದಿನ ನಡೆಯುತ್ತದೆ, ಮತ್ತೆ ಬಿಸ್ಕತ್ತಿನ ಪೊಟ್ಟಣ ಬರುತ್ತದೆ. ಮಗುವಿನ ಆರೋಗ್ಯದ ದೃಷ್ಟಿಯಿಂದಲೂ ಇದು ಸರಿಯಲ್ಲ.

ಇನ್ನು ಕಾಯಿಲೆಯ ನಿಯಮ. ಜ್ವರ ಕಂಡರೆ ತಕ್ಷಣ ಫೋನು ಬರುತ್ತದೆ, ಒಂದು ಗಂಟೆಯೊಳಗೆ ಕರೆದುಕೊಂಡು ಹೋಗಬೇಕು. ಔಷಧಿಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಮತ್ತೆ ಸೇರಿಸುತ್ತಾರೆ. ಕೈ, ಕಾಲು, ಬಾಯಿಯ ಸುತ್ತ ಗುಳ್ಳೆ ಏಳುವ ಕಾಯಿಲೆ ಒಂದು ಮಗುವಿಗೆ ಬಂದರೂ ಅದೇ ದಿನ ಎಲ್ಲ ಪಾಲಕರಿಗೆ ತಿಳಿಸುತ್ತಾರೆ, ಆ ಮಗು ಒಂದು ವಾರ ಬರುವಂತಿಲ್ಲ. ನಿಯಮ ಬಿಗಿಯಾಗಿದೆ, ಹಾಗೆಯೇ ಇರಬೇಕು. ಆದರೆ ಡೇ ಕೇರ್ ಎಂಬ ವ್ಯವಸ್ಥೆಯ ಅತಿ ದೊಡ್ಡ ಬಿರುಕು ಇರುವುದು ಇಲ್ಲೇ. ಸೇರಿದ ಮೊದಲ ಆರು ತಿಂಗಳು ಮಗುವಿಗೆ ನೆಗಡಿ, ಕೆಮ್ಮು, ಜ್ವರ ಬಿಟ್ಟು ಬಿಟ್ಟು ಬರುತ್ತಲೇ ಇರುತ್ತವೆ ಎಂಬುದನ್ನು ಸೇರಿಸುವವರು ಮೊದಲೇ ತಿಳಿದಿರಬೇಕು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಇದೆ. ನಮಗಿರುವುದು ವರ್ಷಕ್ಕೆ 12 ಸಾಂದರ್ಭಿಕ ರಜೆ. ಅದನ್ನು ಮೊದಲ ನಾಲ್ಕು ತಿಂಗಳಲ್ಲೇ ಮುಗಿಸಿಕೊಳ್ಳದಿರಲು ಇರುವ ಒಂದೇ ಉಪಾಯವೆಂದರೆ ಗಂಡ ಹೆಂಡತಿ ಇಬ್ಬರೂ ಸರದಿಯ ಮೇಲೆ ರಜೆ ಹಾಕುವುದು. ಈ ಮಾತನ್ನು ಮಗುವಿಗೆ ಜ್ವರ ಬಂದ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಚರ್ಚಿಸುವ ಬದಲು ಮೊದಲೇ ಗೊತ್ತುಮಾಡಿಕೊಂಡಿರುವುದು ಒಳ್ಳೆಯದು. ನಮ್ಮಲ್ಲಿ ಮೊದಲ ದಿನ ಪತಿಯದು, ಎರಡನೆಯ ದಿನ ನನ್ನದು.

ಫೋನಿನ ಮಾತು ಬಂದದ್ದರಿಂದ ಒಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೇಂದ್ರದ ಪ್ರವೇಶ ಅರ್ಜಿಯಲ್ಲಿ ಮೊದಲ ಸಾಲಿನಲ್ಲಿ ತಾಯಿಯ ಮೊಬೈಲ್ ಸಂಖ್ಯೆ, ಕೊನೆಯ ಸಾಲಿನಲ್ಲಿ ‘ತುರ್ತು ಸಂದರ್ಭಕ್ಕೆ’ ಎಂದು ತಂದೆಯ ಸಂಖ್ಯೆ. ವಾಟ್ಸ್‌ಆ್ಯಪ್ ಗುಂಪಿನ ಹೆಸರು ತಾಯಂದಿರ ಗುಂಪು ಎಂದಿತ್ತು, ಅದರಲ್ಲಿ ಒಬ್ಬ ತಂದೆಯೂ ಇರಲಿಲ್ಲ. ನಾಳೆ ಬಿಳಿ ಅಂಗಿ ಹಾಕಿಸಿ, ಡಯಾಪರ್ ಮುಗಿದಿದೆ, ಶುಕ್ರವಾರ ಬೇಗ ಮುಚ್ಚುತ್ತೇವೆ, ಟೊಮೆಟೊ ಬಣ್ಣದ ಕಾಗದ ಕಳಿಸಿ ಎಂಬ ಸಂದೇಶಗಳೆಲ್ಲ ತಾಯಂದಿರಿಗೆ ಮಾತ್ರ. ಮಗು ಹಗಲಿಡೀ ಬೇರೆಯವರ ಮಡಿಲಲ್ಲಿದ್ದರೂ ಅದರ ಲೆಕ್ಕವೆಲ್ಲ ತಾಯಿಯ ತಲೆಯಲ್ಲೇ ಓಡುತ್ತಿದ್ದರೆ ಆಕೆಗೆ ಬಿಡುವು ಸಿಕ್ಕಿತೆಂದು ಹೇಳುವುದು ಹೇಗೆ? ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷವನ್ನೂ ಪುರುಷರು 88 ನಿಮಿಷವನ್ನೂ ಅದಕ್ಕೆ ಕೊಡುತ್ತಾರೆ. ಮನೆಯವರ ಆರೈಕೆಯಲ್ಲಿ ತೊಡಗುವವರಲ್ಲಿ ಮಹಿಳೆಯರು 137 ನಿಮಿಷ, ಪುರುಷರು 75 ನಿಮಿಷ. ಬಿಳಿ ಅಂಗಿ ಒಗೆದಿದೆಯೇ ಎಂದು ರಾತ್ರಿ ಮಲಗುವಾಗ ನೆನೆಸಿಕೊಳ್ಳುವ ಹೊತ್ತು ಇಂಥ ನಿಮಿಷಗಳ ಲೆಕ್ಕದಲ್ಲಿ ಬರುವುದು ಕಷ್ಟ.

ನಾವು ಇಬ್ಬರು ಮೂವರು ತಾಯಂದಿರು ಮೇಡಂ ಅವರ ಬಳಿ ಹೋಗಿ, ತಂದೆಯರನ್ನೂ ಗುಂಪಿಗೆ ಸೇರಿಸಿ, ಮಗುವನ್ನು ಬಿಡುವ ಕರೆತರುವ ಜವಾಬ್ದಾರಿ ಅಂದು ಯಾರದೋ ಅವರಿಗೇ ಮೊದಲು ಫೋನು ಮಾಡಿ ಎಂದು ಕೇಳಿಕೊಂಡೆವು. ‘ಅವರು ಎತ್ತೋದಿಲ್ಲಮ್ಮ, ಎತ್ತಿದರೂ ನಿಮಗೇ ಮಾಡಿ ಅಂತಾರೆ’ ಎಂದರು. ಅವರ ಅನುಭವ ಹಾಗಿದ್ದಿರಬಹುದು. ಆದರೂ ಒಪ್ಪಿಕೊಂಡರು. ಗುಂಪಿನ ಹೆಸರು ಪಾಲಕರ ಗುಂಪು ಎಂದಾಯಿತು, ಅರ್ಜಿಯಲ್ಲಿ ಎರಡೂ ಸಂಖ್ಯೆಗಳು ಅಕ್ಕಪಕ್ಕ ಬಂದವು. ಒಂದು ಮಧ್ಯಾಹ್ನ ಮಗಳಿಗೆ ಜ್ವರ ಬಂದು ಪತಿಗೆ ಫೋನು ಹೋಗಿ, ಅವರು ಅರ್ಧ ದಿನ ರಜೆ ಹಾಕಿ ಕರೆದುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ, ಸಿರಪ್ಪು ಹಾಕಿ ಮಲಗಿಸಿದ ಮೇಲೆ ನನಗೆ ತಿಳಿಸಿದರು. ಇಂಥ ಒಂದು ಬದಲಾವಣೆಗೆ ಕಿವಿಗೊಟ್ಟ ಕೇಂದ್ರವೆಂಬ ಕಾರಣಕ್ಕೆ ನಾನು ಇದಕ್ಕೆ ಹೆಚ್ಚಿನ ಅಂಕ ಕೊಡುತ್ತೇನೆ. ಹೊಸದಾಗಿ ಸೇರಿಸುವವರು ಅರ್ಜಿಯಲ್ಲಿ ತಂದೆಯ ಸಂಖ್ಯೆಯನ್ನು ಮೊದಲ ಸಾಲಿನಲ್ಲಿ ಬರೆದು ಕೊಡಲಿ. ಯಾವ ನಿಯಮವೂ ಅದಕ್ಕೆ ಅಡ್ಡ ಬರುವುದಿಲ್ಲ.

ಶನಿವಾರದ ವ್ಯವಸ್ಥೆ ನಮ್ಮಂಥವರಿಗೆ ಸರಿಹೊಂದುವುದಿಲ್ಲ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ, ಉಳಿದ ಶನಿವಾರಗಳು ಪೂರ್ತಿ ಕೆಲಸದ ದಿನ. ಕೇಂದ್ರ ಮಾತ್ರ ಎಲ್ಲ ಶನಿವಾರ ಎರಡಕ್ಕೆ ಮುಚ್ಚುತ್ತದೆ. ಐದು ದಿನದ ವಾರವಿರುವ ಸಾಫ್ಟ್‌ವೇರ್ ಉದ್ಯೋಗಿಗಳೇ ಹೆಚ್ಚಾಗಿರುವುದರಿಂದ ಅವರಿಗೆ ಇದರ ತೊಂದರೆ ತಟ್ಟುವುದಿಲ್ಲ. ಬ್ಯಾಂಕು, ಆಸ್ಪತ್ರೆ, ಅಂಗಡಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಿಗೆ ತಟ್ಟುತ್ತದೆ. ಅತ್ತೆಯವರು ಊರಿನಲ್ಲಿದ್ದರೆ ಸರಿ, ಇಲ್ಲದಿದ್ದರೆ ಆ ಮಧ್ಯಾಹ್ನಗಳಿಗೆ ಬೇರೆ ದಾರಿ ಹುಡುಕಬೇಕು. ದಸರಾ ರಜೆಯದೂ ಇದೇ ಕಥೆ. ಮೈಸೂರಿನಲ್ಲಿ ನವರಾತ್ರಿ ಎಂದರೆ ಊರಿಗೆ ಊರೇ ಹಬ್ಬದಲ್ಲಿರುತ್ತದೆ, ಶಾಲೆಗಳಿಗೆ ರಜೆ, ಕೇಂದ್ರವೂ ಕೊನೆಯ ಐದು ದಿನ ಮುಚ್ಚುತ್ತದೆ. ಸಹಾಯಕಿಯರಿಗೂ ಹಬ್ಬ ಬೇಡವೇ? ಖಂಡಿತ ಬೇಕು. ಆದರೆ ಬ್ಯಾಂಕಿಗೆ ಆ ಐದೂ ದಿನ ರಜೆ ಇರುವುದಿಲ್ಲ, ದಸರಾ ದಟ್ಟಣೆಯಿಂದ ಸ್ಕೂಟರಿನ ದಾರಿ ಎರಡರಷ್ಟು ಹೊತ್ತು ಹಿಡಿಯುತ್ತದೆ. ಇಬ್ಬರು ಸಹಾಯಕಿಯರನ್ನು ಸರದಿಯಲ್ಲಿ ಹೆಚ್ಚಿನ ಸಂಬಳಕ್ಕೆ ಕರೆದು, ಬೇಕಾದವರಿಂದ ಪ್ರತ್ಯೇಕ ಶುಲ್ಕ ಪಡೆದು ನಡೆಸಬಹುದಿತ್ತು. ಇದನ್ನು ಲಿಖಿತವಾಗಿಯೇ ಸಲಹೆ ಕೊಟ್ಟಿದ್ದೇನೆ. ರಜೆಯ ಪಟ್ಟಿಯನ್ನು ಮಾತ್ರ ವರ್ಷದ ಮೊದಲಲ್ಲೇ ಕೊಡುತ್ತಾರೆ ಎಂಬುದನ್ನು ಹೇಳಲೇಬೇಕು.

ಸಹಾಯಕಿಯರ ಬಗ್ಗೆ ಬರೆಯದೆ ಈ ವಿಮರ್ಶೆ ಪೂರ್ತಿಯಾಗುವುದಿಲ್ಲ. ಅಲ್ಲಿ ಐವರು ಕೆಲಸ ಮಾಡುತ್ತಾರೆ, ಮಕ್ಕಳು ಅವರನ್ನೆಲ್ಲ ಅಕ್ಕ ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ತಾಯಂದಿರೇ. ನಮ್ಮ ಮಕ್ಕಳು ಏಳರವರೆಗೆ ಅವರ ಬಳಿ ಇರುವುದೆಂದರೆ ಅವರ ಮಕ್ಕಳು ಏಳೂವರೆಯವರೆಗೆ ಅವರಿಗಾಗಿ ಕಾಯುತ್ತಿರುತ್ತಾರೆ ಎಂದೇ ಅರ್ಥ. ನೋಟುಪುಸ್ತಕ ಬರೆಯುವ ಅಕ್ಕನ ಮಗ ಹತ್ತಿರದ ಸರ್ಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಾನೆ; ಶಾಲೆ ಬಿಟ್ಟ ಮೇಲೆ ಕೇಂದ್ರಕ್ಕೇ ಬಂದು, ಅಡುಗೆಮನೆಯ ಪಕ್ಕದ ಜಗಲಿಯಲ್ಲಿ ಕುಳಿತು ಹೋಂವರ್ಕ್ ಮಾಡಿ, ಮಕ್ಕಳಿಗೆ ಕೊಡುವ ಹಣ್ಣನ್ನೇ ತಿಂದು, ಅಮ್ಮನ ಜೊತೆ ಮನೆಗೆ ಹೋಗುತ್ತಾನೆ. ಮೇಡಂ ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಇಬ್ಬರು ಅಕ್ಕಂದಿರು ದೂರದ ಬಡಾವಣೆಗಳಿಂದ ಬರುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಬಸ್ಸಿನ ಖರ್ಚು ಉಳಿದು, ಒಂದೇ ಬಸ್ಸಿಗೆ ಕಾಯುವ ಬದಲು ಎರಡು ಬಸ್ಸು ಬದಲಿಸಿ ಬೇಗ ಮನೆ ಸೇರುವುದು ಸಾಧ್ಯವಾಗಿದೆ ಎಂದು ಒಬ್ಬರು ಹೇಳಿದರು. ಉದ್ಯೋಗಸ್ಥ ತಾಯಿ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಲ್ಯಾಪ್‌ಟಾಪ್ ಹಿಡಿದವಳ ಚಿತ್ರ. ಎಂಟಕ್ಕೆ ಗೇಟು ತೆರೆಯಲು ಆರೂವರೆಗೇ ಮನೆ ಬಿಡುವ ಈ ಅಕ್ಕಂದಿರ ದಿನ ನನ್ನ ದಿನಕ್ಕಿಂತ ಉದ್ದವಾಗಿದೆ.

ಅವರಿಗೆ ಕೊಡುವ ಸಂಬಳ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಶುಲ್ಕ ಹೆಚ್ಚಿಸಿ ಆ ಹೆಚ್ಚಳವನ್ನು ಅವರಿಗೇ ಕೊಡುವುದಾದರೆ ನಾನು ಕೊಡಲು ಸಿದ್ಧಳಿದ್ದೇನೆ, ಕೆಲವು ಪಾಲಕರು ಸಿದ್ಧರಿಲ್ಲ. ಇದರಲ್ಲಿ ನಮ್ಮದೇ ಹಿತವೂ ಇದೆ. ನೋಡಿಕೊಳ್ಳುವವರು ಪದೇ ಪದೇ ಬದಲಾಗುವ ಕಡೆ ಮಗು ಪ್ರತಿ ಸಲವೂ ಹೊಸದಾಗಿ ಹೊಂದಿಕೊಳ್ಳಬೇಕು, ಬೆಳಗಿನ ಅಳು ಮತ್ತೆ ಶುರುವಾಗುತ್ತದೆ, ಗೇಟಿನಲ್ಲಿ ಒಂದು ನಿಮಿಷದಲ್ಲಿ ಮುಗಿಯಬೇಕಾದ ಬೀಳ್ಕೊಡುಗೆ ಕಾಲು ಗಂಟೆಯಾಗುತ್ತದೆ. ಇಲ್ಲಿ ನನ್ನ ಮಗಳು ಸೇರಿದಾಗ ಇದ್ದವರಲ್ಲಿ ನಾಲ್ವರು ಈಗಲೂ ಇದ್ದಾರೆ. ಈ ಕ್ಷೇತ್ರದಲ್ಲಿ ಇದು ದೊಡ್ಡ ವಿಷಯ.

ಮನೆಗೇ ಬಂದು ನೋಡಿಕೊಳ್ಳುವವರನ್ನು ಇಟ್ಟುಕೊಳ್ಳುವುದಕ್ಕಿಂತ ಇದು ಉತ್ತಮವೇ ಎಂದು ಕೇಳುವವರಿದ್ದಾರೆ. ಮಗುವಿಗೆ ಜ್ವರ ಬಂದ ದಿನ, ಶನಿವಾರ, ಹಬ್ಬದ ವಾರ, ಈ ಮೂರರಲ್ಲೂ ಮನೆಗೆ ಬರುವವರೇ ಅನುಕೂಲ. ಆದರೆ ಆಕೆ ಒಂದು ದಿನ ಬಾರದಿದ್ದರೆ ಅಂದು ಇಡೀ ಮನೆಯೇ ಸ್ತಬ್ಧವಾಗುತ್ತದೆ, ಬೆಳಿಗ್ಗೆ ಏಳಕ್ಕೆ ಬರುವ ‘ಇವತ್ತು ಆಗಲ್ಲ ಅಕ್ಕ’ ಎಂಬ ಫೋನಿಗೆ ಪರ್ಯಾಯವಿಲ್ಲ. ಕೇಂದ್ರದಲ್ಲಿ ಒಬ್ಬರು ಬಾರದಿದ್ದರೂ ನಾಲ್ವರು ಇರುತ್ತಾರೆ. ಅಜ್ಜ ಅಜ್ಜಿಯರ ಆಸರೆ ಇರುವವರಿಗೆ ನನ್ನ ಸಲಹೆಯೆಂದರೆ, ಪೂರ್ತಿ ದಿನವನ್ನು ಅರವತ್ತು ದಾಟಿದವರ ಮೇಲೆ ಹೊರಿಸಬೇಡಿ. ಓಡುವ ಮಗುವಿನ ಹಿಂದೆ ಹತ್ತು ಗಂಟೆ ಓಡುವುದು ಅವರಿಂದಾಗದು, ಆಗದೆಂದು ಅವರು ಬಾಯಿಬಿಟ್ಟು ಹೇಳುವುದೂ ಇಲ್ಲ. ಹಗಲಿಗೆ ಕೇಂದ್ರ, ಬಿರುಕುಗಳನ್ನು ಮುಚ್ಚಲು ಹಿರಿಯರು ಎಂಬ ಹಂಚಿಕೆ ನಮ್ಮಲ್ಲಿ ಚೆನ್ನಾಗಿ ನಡೆದಿದೆ.

ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ ಈ ಕೇಂದ್ರವನ್ನು ನಾನು ಅಷ್ಟಾಗಿ ಸೂಚಿಸಲಾರೆ. ಸಂಜೆ ಅವರಿಗೆ ಓದಲು ಪ್ರತ್ಯೇಕ ಜಾಗವಿಲ್ಲ, ಅಂಗಳ ಚಿಕ್ಕದು, ಪುಟ್ಟ ಮಕ್ಕಳ ಗದ್ದಲದಲ್ಲಿ ಅವರು ಟಿವಿಯ ಮುಂದೆ ಕೂರುವುದೇ ಹೆಚ್ಚು. ನಾಲ್ಕು ವರ್ಷದವರೆಗಿನ ಮಕ್ಕಳಿಗೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ, ಸೋಮವಾರದಿಂದ ಶುಕ್ರವಾರದವರೆಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸೇವೆ.

ಕೇಂದ್ರವನ್ನು ನೋಡಲು ಹೋಗುವವರು ಬೆಳಿಗ್ಗೆ ಹನ್ನೊಂದಕ್ಕೆ ಹೋಗುವ ಬದಲು ಸಂಜೆ ಆರೂವರೆಗೆ ಹೋಗಬೇಕು. ಹನ್ನೊಂದಕ್ಕೆ ಎಲ್ಲ ಕೇಂದ್ರಗಳೂ ಚೆನ್ನಾಗಿ ಕಾಣುತ್ತವೆ. ದಿನದ ಕೊನೆಯಲ್ಲಿ, ದಣಿದ ಅಕ್ಕಂದಿರು ಇನ್ನೂ ಕರೆದುಕೊಂಡು ಹೋಗದ ಮೂರು ನಾಲ್ಕು ಮಕ್ಕಳನ್ನು ಹೇಗೆ ಮಾತನಾಡಿಸುತ್ತಾರೆ ಎಂಬುದನ್ನು ನಿಂತು ನೋಡಬೇಕು, ಏಕೆಂದರೆ ನಿಮ್ಮ ಮಗು ಅಲ್ಲಿ ಉಳಿಯುವುದು ಆ ಹೊತ್ತಿನವರೆಗೆ. ಅಂದೇ ಬಾಗಿಲು ಮುಚ್ಚುವ ವೇಳೆ, ತಡದ ದರ, ಶನಿವಾರ, ರಜೆಯ ಪಟ್ಟಿ, ಕಾಯಿಲೆಯ ನಿಯಮ ಇವುಗಳನ್ನು ಕಾಗದದ ಮೇಲೆ ಕೇಳಿ ಪಡೆಯಬೇಕು. ಒಂದು ವರ್ಷದೊಳಗಿನ ಕೂಸುಗಳಿಗೆ ಇಲ್ಲಿ ಎಂಟು ಸ್ಥಾನಗಳು ಮಾತ್ರ ಇವೆ, ಜೂನ್ ಹೊತ್ತಿಗೆ ತುಂಬಿಬಿಡುತ್ತವೆ. ಕೆಲಸಕ್ಕೆ ಮರಳುವುದಕ್ಕೆ ಎರಡು ತಿಂಗಳ ಮೊದಲೇ ಹೆಸರು ಬರೆಸಿ, ಕೊನೆಯ ಎರಡು ವಾರ ದಿನಕ್ಕೆ ಒಂದು ಗಂಟೆ, ಎರಡು ಗಂಟೆ ಎಂದು ಹೆಚ್ಚಿಸುತ್ತಾ ಮಗುವನ್ನು ರೂಢಿಸಬಹುದು, ಆ ದಿನಗಳಿಗೆ ಅರ್ಧ ಶುಲ್ಕ ಮಾತ್ರ ತೆಗೆದುಕೊಳ್ಳುತ್ತಾರೆ.